ಸ್ಟೀರಿಂಗ್ ಮೇಲೆ ಕೈ ಎಲ್ಲಿರಬೇಕು, ಹೆಬ್ಬೆರಳು ಎಲ್ಲಿರಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಗಾಡಿ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ಕಲಿಯಲು ಹೊರಟವರು ಕ್ಲಚ್ಚು, ಗೇರಿನ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಕೈ ಬಗ್ಗೆ ಕೇಳುವವರು ಕಡಿಮೆ. ಹೆಬ್ಬೆರಳಿನ ನೆನಪಂತೂ ಅದಕ್ಕೆ ಪೆಟ್ಟು ಬಿದ್ದ ಮೇಲೇ ಬರುವುದು. ಕೆಎ 34, ಕೆಎ 36, ಕೆಎ 37 ನಂಬರಿನ ಎಷ್ಟೋ ಗಾಡಿಗಳು ಬೆಳಿಗ್ಗೆ ಹೆದ್ದಾರಿ, ಮಧ್ಯಾಹ್ನ ಕಾಲುವೆ ದಂಡೆ, ಸಂಜೆ ಎರೆಹೊಲದ ಬಂಡಿ ದಾರಿ ಅಂತ ಒಂದೇ ದಿನ ಮೂರನ್ನೂ ನೋಡುತ್ತವೆ. ಡಾಂಬರಿಗೆ ಸರಿಯಾದ ಹಿಡಿತ ಬಂಡಿ ದಾರಿಗೆ ಸರಿ ಬರುವುದಿಲ್ಲ. ಅದಕ್ಕೇ ಈ ಪುಟ.

ಕೈ ಎಲ್ಲಿಡಬೇಕು? ಒಂದೇ ಮಾತಲ್ಲಿ ಹೇಳಿ.

ಸ್ಟೀರಿಂಗನ್ನು ಗಡಿಯಾರ ಅಂದುಕೊಳ್ಳಿ. ಎಡಗೈ 9ರ ಹತ್ತಿರ, ಬಲಗೈ 3ರ ಹತ್ತಿರ. ಮೊಣಕೈ ಸ್ವಲ್ಪ ಬಾಗಿರಲಿ, ಭುಜ ಇಳಿಬಿಟ್ಟಿರಲಿ.

ನನಗೆ ಕಲಿಸಿದವರು 10 ಮತ್ತು 2 ಅಂದಿದ್ರು. ಅದು ತಪ್ಪಾ?

ಅವರು ಕಲಿತ ಕಾಲಕ್ಕೆ ಅದು ಸರಿಯೇ ಇತ್ತು. ಆಗ ಪವರ್ ಸ್ಟೀರಿಂಗ್ ಇರಲಿಲ್ಲ, ಸ್ಟೀರಿಂಗ್ ದೊಡ್ಡದು, ಭಾರ ಬೇರೆ. ಕೈ ಮೇಲಿದ್ದರೆ ಮೈಭಾರ ಹಾಕಿ ಕೆಳಗೆ ಎಳೆಯಲು ಸುಲಭವಾಗುತ್ತಿತ್ತು. ಹಳೇ ಲಾರಿ, ಹಳೇ ಜೀಪು ಓಡಿಸಿದವರ ಕೈ ಈಗಲೂ ತಾನಾಗೇ 10-2ಕ್ಕೆ ಹೋಗುತ್ತದೆ.

ಆಮೇಲೆ ಎರಡು ಬದಲಾದವು. ಪವರ್ ಸ್ಟೀರಿಂಗ್ ಬಂತು, ಬಲ ಹಾಕುವ ಕೆಲಸ ಹೋಯಿತು. ಏರ್‌ಬ್ಯಾಗ್ ಬಂತು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಅದು ಕೂತಿರುವುದು ಹಾರ್ನ್ ಒತ್ತುವ ನಡುಭಾಗದ ಕೆಳಗೇ. ಡಿಕ್ಕಿಯಾದರೆ ಸೆಕೆಂಡಿನ 20ರಲ್ಲೊಂದು ಪಾಲೂ ಆಗುವುದರೊಳಗೆ ಉಬ್ಬಿ ನಿಲ್ಲುತ್ತದೆ. ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ಹೊರಗೆ ಬರುತ್ತದೆ. ಆ ದಾರಿಯಲ್ಲಿ ಮುಂಗೈ ಅಡ್ಡ ಇದ್ದರೆ ಅದನ್ನೇ ಎತ್ತಿ ನಿಮ್ಮ ಮುಖಕ್ಕೆ ಬಡಿಯುತ್ತದೆ. ವಾಚು, ಬಳೆ, ಉಂಗುರ ಎಲ್ಲಾ ಜೊತೆಗೇ. ಕೈ 9-3ರಲ್ಲಿದ್ದರೆ ಬ್ಯಾಗು ಎರಡೂ ಕೈಗಳ ನಡುವೆ ಹಾದು ಎದೆಗೆ ಬರುತ್ತದೆ.

ಏರ್‌ಬ್ಯಾಗೂ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ ಅನ್ನುವ ಹಳೇ ಗಾಡಿಯಾದರೆ 10-2 ಇಟ್ಟುಕೊಳ್ಳಿ, ಯಾರೂ ಬೇಡ ಅನ್ನಲ್ಲ.

ಇನ್ನು ಹೆಬ್ಬೆರಳು. ಡಾಂಬರು ರಸ್ತೆಯಲ್ಲಿ ಅದು ಎಲ್ಲಿರಬೇಕು?

ರಿಮ್ಮಿನ ಮೇಲೆ, ಅಂದರೆ ಸ್ಟೀರಿಂಗಿನ ದುಂಡನೆಯ ಹೊರ ಬಳೆಯ ಮೇಲೆ, ತುದಿ ಮೇಲ್ಮುಖವಾಗಿ, ಸುಮ್ನೆ ಒರಗಿಕೊಂಡಿರಲಿ. ಹೊಸ ಕಾರುಗಳಲ್ಲಿ 9-3ರ ಸ್ವಲ್ಪ ಮೇಲೆ ಹೆಬ್ಬೆರಳಿಗೆಂದೇ ಉಬ್ಬು ಮಾಡಿರುತ್ತಾರೆ. ಅದರ ಮೇಲಿಟ್ಟರೆ ಸಾಕು. ಸ್ಪೋಕಿನ, ಅಂದರೆ ನಡುಭಾಗದಿಂದ ರಿಮ್ಮಿಗೆ ಹೋಗುವ ಅಡ್ಡಪಟ್ಟಿಯ ಸುತ್ತ ಕೊಕ್ಕೆ ಹಾಕಿ ಬಿಗಿಯಾಗಿ ಹಿಡಿಯಬೇಡಿ. ಮುಂದಿನ ಗಾಲಿಗೆ ಏನಾದರೂ ಜೋರಾಗಿ ತಾಕಿದರೆ ಸ್ಟೀರಿಂಗ್ ತಿರುಗುತ್ತದೆ, ಕೊಕ್ಕೆ ಹಾಕಿದ ಬೆರಳಿಗೆ ಬಿಡಿಸಿಕೊಳ್ಳಲು ಪುರಸೊತ್ತು ಸಿಗುವುದಿಲ್ಲ.

ಹೊಸಪೇಟೆಯಿಂದ ಕೊಪ್ಪಳ ದಾಟಿ ಹುಬ್ಬಳ್ಳಿ ಕಡೆ ಹೋಗುವ 67ನೇ ಹೆದ್ದಾರಿಯಲ್ಲಿ, ಕುಷ್ಟಗಿ ಮೇಲೆ ವಿಜಯಪುರಕ್ಕೆ ಹೋಗುವ 50ನೇ ಹೆದ್ದಾರಿಯಲ್ಲಿ ಇಷ್ಟು ಸಾಕು.

ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರೆ?

ಹೆಬ್ಬೆರಳು ಹೊರಗೆ. ಇದೊಂದನ್ನು ಗಟ್ಟಿ ನೆನಪಿಡಿ.

ನಾಲ್ಕು ಬೆರಳು ರಿಮ್ಮನ್ನು ಹೊರಗಿನಿಂದ ಹಿಡಿದಿರುತ್ತವೆ ಅಲ್ವಾ, ಹೆಬ್ಬೆರಳೂ ಅವುಗಳ ಜೊತೆಗೇ ರಿಮ್ಮಿನ ಮೇಲೆ ಉದ್ದಕ್ಕೆ ಮಲಗಿರಬೇಕು. ಬಳೆಯ ಒಳಗೆ, ಸ್ಪೋಕಿನ ಹತ್ತಿರ ಇಳಿಯಬಾರದು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಂಗಾವತಿಯಿಂದ ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಗುಂಟ ಓಡಾಡಿದವರಿಗೆ ಇದು ಗೊತ್ತಿರುವ ಚಿತ್ರ. ಮಳೆಗಾಲದಲ್ಲಿ ಎರೆಮಣ್ಣು ರಾಡಿಯಾಗುತ್ತದೆ. ಆ ರಾಡಿಯಲ್ಲಿ ಟ್ರಾಕ್ಟರ್‌ಗಳು ಓಡಾಡಿ ಆಳವಾದ ಜಾಡು ಬೀಳುತ್ತದೆ. ಬಿಸಿಲು ಬಂದ ಮೇಲೆ ಅದೇ ಮಣ್ಣು ಒಣಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಜಾಡು ಹಾಗೇ ಉಳಿಯುತ್ತದೆ. ಈಗ ಪಿಕಪ್ ಗಾಡಿಯ ಎಡ ಗಾಲಿ ಆ ಜಾಡಿನ ಅಂಚಿಗೆ ಓರೆಯಾಗಿ ತಾಕಿತು ಅನ್ನಿ. ಗಾಲಿ ಜಾಡಿನೊಳಗೆ ಜಾರುತ್ತದೆ, ಜಾರುವಾಗ ಒಂದು ಕಡೆ ಹೊರಳುತ್ತದೆ. ಗಾಲಿಯಿಂದ ರಾಡು, ರಾಡಿನಿಂದ ಸ್ಟೀರಿಂಗ್ ಬಾಕ್ಸು, ಅಲ್ಲಿಂದ ಕಾಲಮ್ಮು, ಕೊನೆಗೆ ನಿಮ್ಮ ಕೈ. ಎಲ್ಲಾ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಹಾಗಾಗಿ ನೀವು ಸ್ಟೀರಿಂಗ್ ತಿರುಗಿಸಿದರೆ ಗಾಲಿ ತಿರುಗುವ ಹಾಗೆ, ಗಾಲಿ ಹೊರಳಿದರೆ ಸ್ಟೀರಿಂಗೂ ತಿರುಗುತ್ತದೆ. ಒಮ್ಮೆಲೇ, ಜೋರಾಗಿ. ಹೆಬ್ಬೆರಳು ಒಳಗಿದ್ದರೆ ಸ್ಪೋಕು ಬಂದು ನೇರ ಅದರ ಬುಡಕ್ಕೆ ಹೊಡೆಯುತ್ತದೆ. ಉಳುಕಿದರೆ ಪುಣ್ಯ. ಕೀಲು ತಪ್ಪುವುದು, ಮೂಳೆ ಮುರಿಯುವುದೂ ಉಂಟು. ಹೆಬ್ಬೆರಳು ಹೊರಗಿದ್ದರೆ ರಿಮ್ಮು ಅಂಗೈಯಲ್ಲಿ ಜಾರುತ್ತದೆ ಅಷ್ಟೆ, ಮತ್ತೆ ಹಿಡಿದುಕೊಂಡರೆ ಆಯಿತು.

ಮಸ್ಕಿ, ಲಿಂಗಸುಗೂರು ಕಡೆಯ ಕಲ್ಲು ದಾರಿ, ಯಲಬುರ್ಗಾ ಕಡೆಯ ಹಳ್ಳದ ದಾಟು, ಸಂಡೂರಿನ ಗುಡ್ಡದ ಮಣ್ಣು ದಾರಿ ಎಲ್ಲಕ್ಕೂ ಇದೇ. ಹಳ್ಳ ದಾಟುವಾಗ ಇನ್ನೂ ಜೋಕೆ. ನೀರಿನ ಕೆಳಗೆ ಕಲ್ಲು ಎಲ್ಲಿದೆ ಅಂತ ಕಾಣುವುದೇ ಇಲ್ಲ.

ನನ್ನ ಗಾಡಿಗೆ ಪವರ್ ಸ್ಟೀರಿಂಗ್ ಇದೆ. ಆದರೂ ಇಷ್ಟೆಲ್ಲಾ ಬೇಕಾ?

ಪವರ್ ಸ್ಟೀರಿಂಗ್ ಇದ್ದರೆ ಗಾಲಿಯಿಂದ ಬರುವ ಏಟನ್ನು ಅದು ಬಹಳಷ್ಟು ನುಂಗುತ್ತದೆ. ಹಾಗಾಗಿ ಹೊಸ ಗಾಡಿಯಲ್ಲಿ ಮೊದಲಿನಷ್ಟು ಅಪಾಯ ಇಲ್ಲ. ಆದರೆ ಪೂರ್ತಿ ನುಂಗುವುದಿಲ್ಲ. ದೊಡ್ಡ ಕಲ್ಲಿಗೆ ಗಾಲಿ ಗುದ್ದಿದರೆ ಪವರ್ ಸ್ಟೀರಿಂಗ್ ಇದ್ದರೂ ಕೈಗೆ ಏಟು ಗೊತ್ತಾಗುತ್ತದೆ. ಇಂಜಿನ್ ಆಫ್ ಆದರೆ ಆ ಸಹಾಯವೂ ನಿಲ್ಲುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ. ಬೆರಳು ಹೊರಗಿಡಲು ಏನು ಖರ್ಚು? ಅಭ್ಯಾಸ ಮಾಡಿಕೊಳ್ಳಿ.

ಅಂದ ಹಾಗೆ, ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಕೀ ತಿರುಗಿಸಿ ಇಂಜಿನ್ ಆಫ್ ಮಾಡುವ ಚಾಳಿ ಕೆಲವರಿಗಿದೆ. ದಯವಿಟ್ಟು ಬೇಡ. ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿನ ಸಹಾಯ ಹೋಗುತ್ತದೆ, ಕೀ ಹೊರಗೆ ಬಂದರಂತೂ ಸ್ಟೀರಿಂಗ್ ಲಾಕ್ ಬಿದ್ದು ಕೂರಬಹುದು.

ಎಷ್ಟು ಬಿಗಿಯಾಗಿ ಹಿಡಿಯಬೇಕು?

ಖಡಕ್ ರೊಟ್ಟಿ ಹಿಡಿದ ಹಾಗೆ. ಅಮುಕಿದರೆ ಪುಡಿ, ಸಡಿಲ ಬಿಟ್ಟರೆ ನೆಲಕ್ಕೆ.

ಬಿಗಿ ಹಿಡಿದವರ ಗುರುತು ಸುಲಭ. ಬೆರಳ ಗೆಣ್ಣು ಬೆಳ್ಳಗಾಗಿರುತ್ತದೆ, ಭುಜ ಕಿವಿಗೆ ತಾಕುವಷ್ಟು ಮೇಲೆ ಬಂದಿರುತ್ತದೆ. ಹಾಗೆ ಹಿಡಿದಾಗ ಗಾಡಿ ಏನು ಹೇಳುತ್ತಿದೆ ಅಂತ ಕೈಗೆ ತಿಳಿಯುವುದಿಲ್ಲ. ಮಳೆ ನೀರು ನಿಂತ ಕಡೆ ಟೈರು ನೀರಿನ ಮೇಲೆ ತೇಲಲು ಶುರುವಾದರೆ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರ ಆಗುತ್ತದೆ. ಆ ಹಗುರ ಗೊತ್ತಾಗಬೇಕಾದರೆ ಕೈ ಸಡಿಲ ಇರಬೇಕು. ಗೊತ್ತಾದ ಕೂಡಲೇ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಇಟ್ಟುಕೊಳ್ಳಿ, ಬ್ರೇಕ್ ಗುದ್ದಬೇಡಿ.

ನಮ್ಮ ಕಾಕಾ ಒಂದೇ ಕೈಲಿ ಓಡಿಸ್ತಾರೆ. ಮೂವತ್ತು ವರ್ಷ ಆಯ್ತು, ಏನೂ ಆಗಿಲ್ಲ.

ಕಾಕಾರಿಗೆ ನಮಸ್ಕಾರ. ಅವರು ಗೇರ್ ಹಾಕಲು, ಲೈಟು-ವೈಪರ್ ಹಚ್ಚಲು ಒಂದು ಕೈ ತೆಗೆದರೆ ಅದು ಎಲ್ಲರೂ ಮಾಡುವುದೇ. ಕೆಲಸ ಮುಗಿದ ಮೇಲೆ ಕೈ ವಾಪಸ್ ಬರಬೇಕು. ಗೇರಿನ ಗುಬ್ಬಿ ಮೇಲೆ ಎಡಗೈ ಊರಿಕೊಂಡು, ಬಲ ಮೊಣಕೈ ಕಿಟಕಿಗೆ ಆನಿಸಿ, ಒಂದೇ ಬಲಗೈ 12ರ ಮೇಲೆ ನೇತು ಹಾಕಿಕೊಂಡು ಹೋಗುವುದು ಬೇರೆ. ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿ ಪಕ್ಕದಿಂದ ಹಾದಾಗ ಗಾಳಿ ಮೊದಲು ದೂಡುತ್ತದೆ, ಲಾರಿ ದಾಟಿದ ಮೇಲೆ ಎಳೆಯುತ್ತದೆ. ಒಂದೇ ಕೈಯಲ್ಲಿ ಅದನ್ನು ಸರಿಪಡಿಸಲು ಹೋದರೆ ಜಾಸ್ತಿ ತಿರುಗುತ್ತದೆ. ಎರಡು ಕೈ ಇದ್ದರೆ ಒಂದು ತಿರುಗಿಸುತ್ತದೆ, ಇನ್ನೊಂದು ತಡೆಯುತ್ತದೆ.

ಕಾಕಾರಿಗೆ ಹೇಳಿ ಪ್ರಯೋಜನ ಇಲ್ಲ ಅಂತ ನನಗೂ ಗೊತ್ತು. ಪಕ್ಕದಲ್ಲಿ ಕೂತು ನೋಡುವ ಹುಡುಗರು ಅದನ್ನೇ ಕಲಿಯುತ್ತಾರೆ ಅನ್ನುವುದೇ ಚಿಂತೆ.

ಯು ಟರ್ನ್ ಹೊಡೆಯುವಾಗ ಅಂಗೈ ಮೇಲೆ ಮಾಡಿ ಒಳಗಿನಿಂದ ಹಿಡಿದು ಎಳೆಯುತ್ತೇನೆ. ಸುಲಭ ಅನಿಸುತ್ತೆ.

ಸುಲಭ ಹೌದು. ಹಳೇ ಲಾರಿ ಡ್ರೈವರುಗಳು ಭಾರದ ಸ್ಟೀರಿಂಗನ್ನು ಹಾಗೇ ಎಳೆಯುತ್ತಿದ್ದರು, ಅಲ್ಲಿಂದ ಬಂದ ರೂಢಿ ಅದು. ಈಗಿನ ಕಾರಿಗೆ ಅದು ಬೇಕಿಲ್ಲ. ಕೈ ಬಳೆಯ ಒಳಗೆ ಇರುವಾಗ ಎದುರಿನಿಂದ ಬೈಕು ಗುದ್ದಿ ಏರ್‌ಬ್ಯಾಗ್ ತೆರೆದರೆ ಮಣಿಕಟ್ಟು ತಿರುಚಿ ಹೋಗುತ್ತದೆ. ಬಿಟ್ಟುಬಿಡಿ.

ಹಾಗಾದರೆ ತಿರುವಿನಲ್ಲಿ ಕೈ ಹೇಗೆ ಓಡಬೇಕು?

ಸಣ್ಣ ತಿರುವಿಗೆ ಕೈ ಬದಲಿಸುವುದೇ ಬೇಡ. 9-3ರಲ್ಲೇ ಇಟ್ಟು ತಿರುಗಿಸಿ, ಹಾಗೇ ವಾಪಸ್ ತನ್ನಿ. ಹೆದ್ದಾರಿಯ ತಿರುವುಗಳೆಲ್ಲ ಇಷ್ಟರಲ್ಲೇ ಮುಗಿಯುತ್ತವೆ.

ದೊಡ್ಡ ತಿರುವಿಗೆ ಎಳೆದು-ತಳ್ಳುವ ಕ್ರಮ ಒಳ್ಳೆಯದು. ಬಲಕ್ಕೆ ತಿರುಗಬೇಕು ಅನ್ನಿ. ಬಲಗೈಯನ್ನು ಮೇಲಕ್ಕೆ ಜಾರಿಸಿ, ಅಲ್ಲಿ ಹಿಡಿದು ಕೆಳಗೆ ಎಳೆಯಿರಿ. ಬಲಗೈ ಕೆಳಗೆ ಬರುವಾಗ ಎಡಗೈಯೂ ರಿಮ್ಮಿನ ಮೇಲೆ ಜಾರುತ್ತಾ ಕೆಳಗೆ ಬರಲಿ. ಈಗ ಎಡಗೈ ಹಿಡಿದು ಮೇಲೆ ತಳ್ಳಲಿ, ಬಲಗೈ ಜಾರುತ್ತಾ ಮೇಲೆ ಹೋಗಲಿ. ಎಡಗೈ ಎಡ ಭಾಗ ಬಿಡುವುದಿಲ್ಲ, ಬಲಗೈ ಬಲ ಭಾಗ ಬಿಡುವುದಿಲ್ಲ. ಕೈ ಎಂದೂ ಏರ್‌ಬ್ಯಾಗಿಗೆ ಅಡ್ಡ ಬರುವುದಿಲ್ಲ. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ತಿರುವುಗಳಲ್ಲಿ ಒಮ್ಮೆ ನಿಧಾನವಾಗಿ ಹೀಗೆ ಓಡಿಸಿ ನೋಡಿ, ತೋಳು ಎಷ್ಟು ಹಗುರ ಅನ್ನುವುದು ಗೊತ್ತಾಗುತ್ತದೆ.

ಕೈ ಮೇಲೆ ಕೈ ಹಾಕಿ ತಿರುಗಿಸುವುದು ಪಾರ್ಕಿಂಗಿಗೆ, ಇಕ್ಕಟ್ಟಿನ ಓಣಿಗೆ ಇಟ್ಟುಕೊಳ್ಳಿ. ಬಳ್ಳಾರಿಯ ಕೌಲ್‌ಬಜಾರಿನಲ್ಲೋ, ರಾಯಚೂರಿನ ತೀನ್ ಕಂದೀಲ್ ಹತ್ತಿರವೋ ಸಂಜೆ ಹೊತ್ತು ಗಾಡಿ ತಿರುಗಿಸಬೇಕಾದರೆ ಅದೇ ಗತಿ. ವೇಗ ಕಡಿಮೆ, ಹಾಗಾಗಿ ಪರವಾಗಿಲ್ಲ.

ತಿರುವು ಮುಗಿದ ಮೇಲೆ ಸ್ಟೀರಿಂಗ್ ಬಿಟ್ಟು ತಾನೇ ಗರಗರ ತಿರುಗಿ ನೇರ ಆಗಲಿ ಅಂತ ಕಾಯುವವರಿದ್ದಾರೆ. ನೇರ ಆಗುತ್ತದೆ ನಿಜ. ಆದರೆ ಆ ಹೊತ್ತಲ್ಲಿ ಗಾಡಿ ಯಾರ ಕೈಯಲ್ಲೂ ಇರುವುದಿಲ್ಲ. ಅಂಗೈಯಲ್ಲಿ ಜಾರಲು ಬಿಡಿ, ಕೈ ಎತ್ತಬೇಡಿ.

ಹಾರ್ನ್ ಮೇಲೆ ಕೈ ಇಟ್ಟುಕೊಂಡೇ ಇರಬೇಕಾಗುತ್ತಲ್ಲಾ ನಮ್ಮ ಊರಲ್ಲಿ?

ಆಡು, ಎಮ್ಮೆ, ಆಟೋ ಎಲ್ಲಾ ಒಟ್ಟಿಗೇ ಬರುವ ರಸ್ತೆ, ಹಾರ್ನ್ ಬೇಕು, ಒಪ್ಪುತ್ತೇನೆ. ಬಹಳಷ್ಟು ಕಾರುಗಳಲ್ಲಿ 9-3ರಿಂದಲೇ ಹೆಬ್ಬೆರಳು ಚಾಚಿ ಹಾರ್ನ್ ಒತ್ತಬಹುದು. ಒತ್ತಿ, ವಾಪಸ್ ತನ್ನಿ. ಅಂಗೈಯನ್ನು ನಡುಭಾಗದ ಮೇಲೆ ಊರಿಕೊಂಡು ಓಡಿಸಬೇಡಿ, ಅದು ಏರ್‌ಬ್ಯಾಗಿನ ಬಾಗಿಲು.

ಅದೇ ಬಾಗಿಲಿಗೆ ಹಿತ್ತಾಳೆಯ ದೇವರ ಬಿಲ್ಲೆ, ಹೊಳೆಯುವ ಹರಳಿನ ಅಲಂಕಾರ ಅಂಟಿಸುವವರೂ ಇದ್ದಾರೆ. ಬ್ಯಾಗ್ ತೆರೆದರೆ ಅದು ಗುಂಡಿನ ಹಾಗೆ ಮುಖಕ್ಕೆ ಬರುತ್ತದೆ. ದೇವರನ್ನು ಬೇರೆ ಕಡೆ ಕೂರಿಸಿ.

ಬೇಸಿಗೆಯಲ್ಲಿ ಸ್ಟೀರಿಂಗ್ ಮುಟ್ಟೋಕೇ ಆಗಲ್ಲ. ಏನು ಮಾಡೋದು?

ರಾಯಚೂರಿನ ಏಪ್ರಿಲ್-ಮೇ ಬಿಸಿಲು ನೋಡಿದವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. 40 ಡಿಗ್ರಿ ದಾಟಿದ ಮಧ್ಯಾಹ್ನ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಹೊರಗಿಗಿಂತ ಎಷ್ಟೋ ಜಾಸ್ತಿ ಕಾವು. ಗಾಜಿಗೆ ಹತ್ತಿರ ಇರುವ ಸ್ಟೀರಿಂಗಿನ ಮೇಲ್ಭಾಗ ಎಲ್ಲಕ್ಕಿಂತ ಮೊದಲು ಕಾಯುತ್ತದೆ. ಆಗ ಏನಾಗುತ್ತದೆ ಅಂದರೆ, ಜನ ಎರಡು ಬೆರಳ ತುದಿಯಲ್ಲಿ ಹಿಡಿದು, ಅದೂ ಕೆಳಗೆ 6ರ ಹತ್ತಿರ ಹಿಡಿದು, ಬಸ್ ಸ್ಟ್ಯಾಂಡಿನ ಎದುರಿನ ಗದ್ದಲಕ್ಕೆ ನುಗ್ಗುತ್ತಾರೆ.

ನಿಲ್ಲಿಸುವಾಗಲೇ ಸ್ಟೀರಿಂಗ್ ಮೇಲೆ ಒಂದು ಬಿಳಿ ಟವೆಲ್ ಹೊದಿಸಿ. ಬೇವಿನ ಮರ ಸಿಕ್ಕರೆ ಅದರ ಕೆಳಗೆ ನಿಲ್ಲಿಸಿ. ಬಳ್ಳಾರಿ ಜಾಲಿ ನೆರಳು ಸಿಕ್ಕಿತು ಅಂತ ಅದರ ಕೆಳಗೆ ನುಗ್ಗಿಸಬೇಡಿ, ಮುಳ್ಳು ಟೈರಿಗೆ ಚುಚ್ಚಿ ಬೇರೆ ಕಥೆ ಆಗುತ್ತದೆ. ಹೊರಡುವ ಮುಂಚೆ ಬಾಗಿಲು ತೆರೆದು ಕಾವು ಹೋಗಲಿ. ಒದ್ದೆ ಬಟ್ಟೆಯಲ್ಲಿ ರಿಮ್ ಒರೆಸಿ, ಆಮೇಲೆ ಒಣಗಿದ ಬಟ್ಟೆಯಲ್ಲಿ ಒರೆಸಿ. ಆ ಎರಡು ನಿಮಿಷಕ್ಕೆ ಯಾವ ಕೆಲಸವೂ ಕೆಡುವುದಿಲ್ಲ.

ಬೆವರಿನ ಕೈಗೆ ಸ್ಟೀರಿಂಗ್ ಕವರ್ ಹಾಕಿಸುವುದಾದರೆ ಬಿಗಿಯಾಗಿ ಹೊಲಿದ ಕವರ್ ಹಾಕಿಸಿ. ಸಡಿಲ ಕವರ್ ರಿಮ್ಮಿನ ಮೇಲೆ ತಾನೇ ತಿರುಗುತ್ತದೆ. ನೀವು ತಿರುಗಿಸಿದ್ದು ಕವರು, ಗಾಡಿ ಹೋಗಿದ್ದು ನೇರ.

ಬಿಸಿಲಿಗೆ ಟೈರ್ ಒಡೆದರೆ ಕೈ ಏನು ಮಾಡಬೇಕು?

ಮುಂದಿನ ಟೈರ್ ಒಡೆದರೆ ಗಾಡಿ ಆ ಕಡೆಗೇ ಎಳೆಯುತ್ತದೆ. ಎರಡೂ ಕೈಯಲ್ಲಿ ಗಟ್ಟಿ ಹಿಡಿದು ನೇರ ಇಟ್ಟುಕೊಳ್ಳಿ. ಇಲ್ಲಿ ಮಾತ್ರ ರೊಟ್ಟಿ ಲೆಕ್ಕ ಬಿಡಿ. ಬ್ರೇಕ್ ಮೇಲೆ ನಿಲ್ಲಬೇಡಿ. ಆಕ್ಸಿಲರೇಟರ್ ನಿಧಾನ ಬಿಟ್ಟು, ವೇಗ ಇಳಿದ ಮೇಲೆ ಎಡಕ್ಕೆ ತನ್ನಿ. ಗಾಳಿ ಕಡಿಮೆ ಇರುವ ಟೈರು ಹೆಚ್ಚು ಕಾಯುತ್ತದೆ, ಒಡೆಯುವುದೂ ಅದೇ. ಬೇಸಿಗೆ ಅಂತ ಗಾಳಿ ಕಡಿಮೆ ಹಾಕಿಸುವುದು ಉಲ್ಟಾ ಬುದ್ಧಿ.

ರಾಶಿ ಕಾಲದಲ್ಲಿ ರಸ್ತೆ ಮೇಲೆ ಬೆಳೆ ಹಾಕಿರುತ್ತಾರೆ. ಅದರ ಮೇಲೆ ಹೋಗುವಾಗ?

ಕೊಪ್ಪಳ, ರಾಯಚೂರಿನ ಹಳ್ಳಿ ರಸ್ತೆಗಳಲ್ಲಿ ಸುಗ್ಗಿ ಬಂದರೆ ಇದು ಇದ್ದದ್ದೇ. ಪಕ್ಕದಲ್ಲಿ ಜಾಗ ಇದ್ದರೆ ತಪ್ಪಿಸಿಕೊಂಡು ಹೋಗಿ. ಇಲ್ಲದಿದ್ದರೆ ಹತ್ತುವ ಮೊದಲೇ ವೇಗ ಇಳಿಸಿ, ಸ್ಟೀರಿಂಗ್ ನೇರ ಮಾಡಿ, ಎರಡೂ ಕೈ 9-3ರಲ್ಲಿ ಇಟ್ಟು ಸಮನಾಗಿ ದಾಟಿ. ಒಣ ದಂಟಿನ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ, ತಿರುಗಿಸಿದರೆ ಅಥವಾ ಬ್ರೇಕ್ ಹಾಕಿದರೆ ಜಾರುತ್ತದೆ. ದಾಟಿದ ಮೇಲೆ ಒಮ್ಮೆ ಇಳಿದು ಕೆಳಗೆ ನೋಡಿ. ಹುಲ್ಲು ಸುತ್ತಿಕೊಂಡು ಸೈಲೆನ್ಸರ್ ಕಾವಿಗೆ ಹೊತ್ತಿಕೊಳ್ಳುವುದೂ ಇದೆ.

ಇಂಡಿಕೇಟರ್ ಹಾಕಲು ಕೈ ತೆಗೆಯಬೇಕಾ?

ಬೇಡ. 9-3ರಲ್ಲಿದ್ದರೆ ಬೆರಳ ತುದಿಗೇ ಸಿಗುತ್ತದೆ. ಮಾರುತಿ, ಹ್ಯುಂಡೈ, ಟೊಯೊಟಾದಲ್ಲಿ ಬಲಗಡೆ, ಸ್ಕೋಡಾ, ಫೋಕ್ಸ್‌ವ್ಯಾಗನ್‌ನಲ್ಲಿ ಎಡಗಡೆ. ಗಾಡಿ ಬದಲಿಸಿದ ದಿನ ಎಲ್ಲರೂ ಒಮ್ಮೆ ವೈಪರ್ ಹಾಕಿಯೇ ತಿರುಗುತ್ತಾರೆ.

ಮೊಬೈಲ್?

ಕೈಯಲ್ಲಿ ಹಿಡಿದು ಓಡಿಸುವುದು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆ. ಫೋನ್ ಬಂದರೆ ಗಾಡಿ ಪಕ್ಕಕ್ಕೆ ಹಾಕಿ.

ನಾನು ಗಿಡ್ಡ. ಸೀಟು ಮುಂದಕ್ಕೆ ತಂದರೆ ಸ್ಟೀರಿಂಗ್ ಎದೆಗೆ ಬರುತ್ತೆ.

ಕೈ ಸರಿ ಇರಬೇಕಾದರೆ ಮೊದಲು ಸೀಟು ಸರಿ ಇರಬೇಕು. ಬೆನ್ನು ಪೂರ್ತಿ ಸೀಟಿಗೆ ತಾಗಿಸಿ ಕೂತು ಕೈ ಮುಂದೆ ಚಾಚಿ. ಭುಜ ಸೀಟು ಬಿಡದೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ಕೂತರೆ ದೂರ ಸರಿ ಇದೆ. ಎದೆಮೂಳೆಗೂ ಸ್ಟೀರಿಂಗಿನ ನಡುಭಾಗಕ್ಕೂ ಕಡಿಮೆ ಅಂದರೆ 25 ಸೆಂ.ಮೀ. ಇರಬೇಕು. ಕಾಲು ಎಟುಕಲು ಸೀಟು ಮುಂದೆ ತಂದಿದ್ದರೆ ಬೆನ್ನಿನ ಭಾಗ ಸ್ವಲ್ಪ ಹಿಂದೆ ಒರಗಿಸಿ. ಸ್ಟೀರಿಂಗ್ ಕೆಳಗೆ ಅದನ್ನು ಎತ್ತಿ ಇಳಿಸುವ ಸಣ್ಣ ಲಿವರ್ ಇರುತ್ತದೆ. ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಗಾಡಿ ನಿಂತಾಗ ಮುಟ್ಟಿ, ಬ್ಯಾಗಿನ ಮುಖ ನಿಮ್ಮ ಮುಖದ ಕಡೆ ಅಲ್ಲದೆ ಎದೆ ಕಡೆ ಇರುವ ಹಾಗೆ ಇಳಿಸಿಕೊಳ್ಳಿ.

ದೂರ ಓಡಿಸಿದರೆ ಕೈ ಜುಮು ಜುಮು ಅನ್ನುತ್ತೆ.

ಕೈ ಮೇಲಿಟ್ಟು ಬಿಗಿ ಹಿಡಿದರೆ ಹಾಗಾಗುತ್ತದೆ. ಹೆದ್ದಾರಿ ಖಾಲಿ ಇದ್ದಾಗ 9-3ರಿಂದ ಸ್ವಲ್ಪ ಕೆಳಗೆ, 8-4ಕ್ಕೆ ಇಳಿಸಿಕೊಳ್ಳಬಹುದು. ನಡುವೆ ನಿಲ್ಲಿಸಿ ಚಹಾ ಕುಡಿಯಿರಿ, ಬೆರಳು ಬಿಡಿಸಿ. ಓಡಿಸದ ಹೊತ್ತಲ್ಲೂ ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

80 ದಾಟಿದರೆ ಸ್ಟೀರಿಂಗ್ ನಡುಗುತ್ತೆ. ಬಿಗಿ ಹಿಡಿದರೆ ನಿಲ್ಲುತ್ತೆ.

ನಡುಕ ನಿಂತಿಲ್ಲ, ನಿಮಗೆ ಗೊತ್ತಾಗುತ್ತಿಲ್ಲ ಅಷ್ಟೆ. ಸಾಮಾನ್ಯವಾಗಿ ಮುಂದಿನ ಗಾಲಿಯ ಬ್ಯಾಲೆನ್ಸಿಂಗ್ ಹೋಗಿರುತ್ತದೆ. ರಾಡಿ ಮೆತ್ತಿಕೊಂಡು ಗಾಲಿಯ ಒಳಗೆ ಒಣಗಿದ್ದರೂ ಹೀಗೇ ಆಗುತ್ತದೆ, ಮೊದಲು ನೀರು ಹೊಡೆದು ತೊಳೆದು ನೋಡಿ. ನೇರ ರಸ್ತೆಯಲ್ಲಿ ಒಂದೇ ಕಡೆ ಎಳೆಯುತ್ತಿದ್ದರೆ ಟೈರಿನ ಗಾಳಿ ನೋಡಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಟ್ರಾಕ್ಟರ್ ಸ್ಟೀರಿಂಗಿಗೆ ಒಂದೇ ಕೈಲಿ ಹಿಡಿದು ತಿರುಗಿಸುವ ಗುಬ್ಬಿ ಹಾಕಿಸಿದ್ದೇವೆ. ಕಾರಿಗೂ ಹಾಕಿಸಬಹುದಾ?

ಟ್ರಾಕ್ಟರಿನಲ್ಲಿ ಅದಕ್ಕೆ ಅರ್ಥ ಇದೆ. ಹೊಲದ ತುದಿಯಲ್ಲಿ ಒಂದು ಕೈ ಹೈಡ್ರಾಲಿಕ್ ಲಿವರ್ ಎತ್ತುವಾಗ ಇನ್ನೊಂದು ಕೈ ಬೇಗ ತಿರುಗಿಸಬೇಕು, ವೇಗವೂ ಕಡಿಮೆ. ಆದರೂ ಪವರ್ ಸ್ಟೀರಿಂಗ್ ಇಲ್ಲದ ಹಳೇ ಟ್ರಾಕ್ಟರಿನಲ್ಲಿ ಮುಂದಿನ ಗಾಲಿ ಬದುವಿಗೆ ತಾಕಿದರೆ ಆ ಗುಬ್ಬಿಯೇ ತಿರುಗಿ ಬಂದು ಮುಂಗೈಗೆ ಹೊಡೆಯುತ್ತದೆ. ಗಾಲಿ ಬದು ಹತ್ತುವಾಗ ಗುಬ್ಬಿ ಬಿಟ್ಟು ರಿಮ್ ಹಿಡಿಯಿರಿ, ಹೆಬ್ಬೆರಳು ಹೊರಗೆ.

ಕಾರಿಗೆ ಬೇಡ. ಅಂಗಿ ತೋಳು ಸಿಕ್ಕಿಕೊಳ್ಳುತ್ತದೆ, ಡಿಕ್ಕಿಯಾದರೆ ಎದೆಗೆ ಚುಚ್ಚುತ್ತದೆ.

ಮಗಳು ಈಗ ಕಲೀತಿದ್ದಾಳೆ. ಕೈ ಅಭ್ಯಾಸ ಎಲ್ಲಿ ಮಾಡಿಸೋದು?

ಖಾಲಿ ಮೈದಾನದಲ್ಲಿ, ಒಂದನೇ ಗೇರಿನಲ್ಲಿ, 8ರ ಆಕಾರದಲ್ಲಿ ಸುತ್ತಿಸಿ. ಲೈಸೆನ್ಸ್ ಟೆಸ್ಟಿಗೂ ಉಪಯೋಗ. ಮೊದಲು ಎಳೆದು-ತಳ್ಳುವುದು ಕೂರಲಿ, ವೇಗ ಆಮೇಲೆ ಬರಲಿ. ರಿವರ್ಸ್ ಕಲಿಸುವಾಗ ಬಲಗೈ 12ರ ಮೇಲೆ, ಎಡಗೈ ಪಕ್ಕದ ಸೀಟಿನ ಹಿಂದೆ ಇಟ್ಟು ಹಿಂದಕ್ಕೆ ತಿರುಗಿ ನೋಡಲು ಹೇಳಿ. ಒಂದೇ ಕೈ ಸಾಕಾಗುವ ಜಾಗ ಅದು. ನಿಂತ ಗಾಡಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಅಭ್ಯಾಸ ಮಾಡಿಸಬೇಡಿ. ಟೈರು ಒಂದೇ ಜಾಗದಲ್ಲಿ ಉಜ್ಜಿ ಸವೆಯುತ್ತದೆ. ಗಾಲಿ ಸ್ವಲ್ಪ ಉರುಳುತ್ತಿರುವಾಗ ತಿರುಗಿಸಲಿ.